ರಾಕ್ಷಸ ಪೂಜೆಗೆ ಕೂತಾಗ

ರಾಕ್ಷಸನ ಕೂಗು ಬೇಕು ಎಂದು ಕೇಳಿಕೊಂಡು ನನ್ನ ಮನೆಯ ಮೆಟ್ಟಿಲು ಹತ್ತಿದವರು ಅವರಿಬ್ಬರೇ ಮೊದಲು. ಯಕ್ಷಗಾನದ ಮೇಳ ಬಿಟ್ಟ ಮೇಲೆ ತಲ್ಲೂರಿನಲ್ಲಿ ನನ್ನ ಕೂಗಿಗೆ ಉಳಿದಿದ್ದ ಕೆಲಸವೆಂದರೆ ತೆಂಗಿನ ಮರಕ್ಕೆ ಬರುವ ಮಂಗಗಳನ್ನು ಓಡಿಸುವುದು. ಪಕ್ಕದ ಮನೆಯ ಮಗು ಬೆಚ್ಚಿ ಏಳುತ್ತದೆ ಎಂದು ನನ್ನ ಹೆಂಡತಿ ವನಮಾಲಾ ಅದನ್ನೂ ನಿಲ್ಲಿಸಿಬಿಟ್ಟಿದ್ದಳು.

ನಾನು ಶಾಮರಾಯ. ಯಕ್ಷಗಾನದಲ್ಲಿ ಬಣ್ಣದ ವೇಷ ಮಾಡಿದವನು. ಬಣ್ಣದ ವೇಷ ಎಂದರೆ ರಾಕ್ಷಸ. ರಾಜನ ವೇಷ, ಸ್ತ್ರೀವೇಷ ಯಾವುದನ್ನೂ ನಾನು ಮಾಡಿದವನಲ್ಲ. ಈ ಗಂಟಲಿಗೆ, ಈ ಸಿಟ್ಟಿಗೆ ಬೇರೆ ಯಾವ ವೇಷ ಕೊಡುವುದು ಮಾರಾಯ ಎಂದು ನಮ್ಮ ಗುರುಗಳೇ ಹೇಳುತ್ತಿದ್ದರು.

ಬಂದವಳು ಬಿಜೂರಿನ ಅನಿಷಾ, ಜೊತೆಯಲ್ಲಿ ಶಿರೂರಿನ ನಿತೇಶ್. ಕುಂದಾಪುರದಲ್ಲಿ ಒಂದು ಅಂಗಡಿಯ ಮಾಳಿಗೆಯಲ್ಲಿ ಕೋಣೆ ಹಿಡಿದು ಕಂಪ್ಯೂಟರ್ ಗೇಮ್ ಮಾಡುತ್ತಾರಂತೆ.

"ಹೆದ್ರಿಕಿ ಆಪ ಗೇಮ್, ಶಾಮರಾಯ್ರೆ," ಎಂದಳು ಅನಿಷಾ. "ಹೊರಗಿನ್ ದೇಶದ್ ಗೇಮಂಗೆಲ್ಲ ಕಾಣಿ, ಇಗರ್ಜಿ, ಶಿಲುಬಿ, ಮೇಣದ್ ಬತ್ತಿ. ಶಿಲುಬಿ ತೋರ್ಸ್ರೆ ದೆವ್ವ ಓಡಿ ಹೋತ್ತ್. ನಮ್ಮೂರ್ ಮಕ್ಳೂ ಅದ್ನೇ ಆಡಿ ಆಡಿ ಹೆದ್ರೂದ್ ಎಂತಕ್ಕೆ? ನಮ್ದ್ ಪಾಳುಬಿದ್ದ್ ದೇವಸ್ಥಾನ. ಆಡುವವ್ರ್ ಕೋವಿ ಹಿಡ್ಕಂಡ್ ಒಳ್ಗೆ ಹೋಯ್ಕ್. ಒಳ್ಗೆ ರಾಕ್ಷಸ ಇದ್ದ. ಅವ್ನಿಗೆ ನಿಮ್ಮ್ ಕೂಗ್ ಬೇಕ್."

"ಅಕ್ಕ್," ಎಂದೆ. "ನಿಮ್ಮ್ ರಾಕ್ಷಸ ಯಾವ ದೇವ್ರಿಗ್ ನಡ್ಕಂತ?"

ನಿತೇಶ ನಕ್ಕುಬಿಟ್ಟ. "ರಾಕ್ಷಸನಿಗ್ ಎಂತಕ್ಕೆ ದೇವ್ರ್?"

ನನಗೆ ಉರಿದುಹೋಯಿತು. "ಹ್ವಾಯ್, ಪೂಜೆ ಮಾಡ್ದೆ ಇದ್ರೆ ಅವ್ನಿಗ್ ವರ ಕೊಟ್ಟದ್ ಯಾರ್? ನಿನ್ನ್ ಕಂಪ್ಯೂಟರಾ? ಅವ್ನಷ್ಟ್ ಭಕ್ತಿ ನಿಂಗಿತ್ತಾ, ನಂಗಿತ್ತಾ? ತಲಿ ಕಡ್ದ್ ಶಿವನಿಗ್ ಇಟ್ಟವ್ರ್ ಅವ್ರ್!"

ಒಳಗಿನಿಂದ ಚಾ ತಂದ ವನಮಾಲಾ, "ಮಕ್ಳೇ, ಕೂಗ್ ಇದೇ. ರೆಕಾರ್ಡ್ ಮಾಡ್ಕಂಡ್ರ್ಯಾ?" ಎಂದಳು.

ಅವರು ನಗುತ್ತಿದ್ದರು. ನನಗೆ ಮಾತ್ರ ರಂಗಸ್ಥಳದಲ್ಲಿ ನಾನು ಮಾಡುತ್ತಿದ್ದ ರಾಕ್ಷಸನ ಪೂಜೆಯ ನೆನಪು ಬಂದಿತ್ತು.

ನಮ್ಮ ಗುರುಗಳು ಕಲಿಸಿದ ಕ್ರಮದಲ್ಲಿ ರಾಕ್ಷಸ ರಂಗಸ್ಥಳಕ್ಕೆ ಬಂದವನೇ ಯುದ್ಧಕ್ಕೆ ಹೊರಡುವುದಿಲ್ಲ. ಮೊದಲು ಜನರ ನಡುವಿನಿಂದ ಉರಿಯುವ ತೆಂಗಿನ ಗರಿಯ ಸೂಟೆ ಬೀಸುತ್ತಾ, ಕೂಗುತ್ತಾ ಬರಬೇಕು. ಚಾಪೆಯ ಮೇಲೆ ಮಲಗಿದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗಿನೊಳಗೆ ನುಗ್ಗಬೇಕು. ಆಮೇಲೆ ಚೆಂಡೆಯ ಸದ್ದು ಇಳಿಯುತ್ತದೆ. ರಾಕ್ಷಸ ಸ್ನಾನ ಮಾಡುತ್ತಾನೆ, ಭಸ್ಮ ಬಳಿದುಕೊಳ್ಳುತ್ತಾನೆ, ಹೂ ಕೊಯ್ಯುತ್ತಾನೆ, ಶಿವನೆದುರು ಕೂರುತ್ತಾನೆ. ನೀರೂ ಇಲ್ಲ, ಹೂವೂ ಇಲ್ಲ, ಲಿಂಗವೂ ಇಲ್ಲ, ಎಲ್ಲ ಬರೀ ಕೈಯಲ್ಲೇ ತೋರಿಸಬೇಕು. ಮುಖದ ತುಂಬ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಳ್ಳಿನಂತೆ ಎಬ್ಬಿಸಿದ ಬಣ್ಣ ಹೊತ್ತು ನಾನು ಆರತಿ ಎತ್ತಿದರೆ ಎದುರು ಕೂತ ಅಜ್ಜಿಯಂದಿರು ಕೈ ಮುಗಿಯುತ್ತಿದ್ದರು. ಈಗಷ್ಟೇ ತಮ್ಮ ಮೊಮ್ಮಕ್ಕಳನ್ನು ಅಳಿಸಿದವನು ನಾನು ಎನ್ನುವುದು ಅವರಿಗೆ ಮರೆತೇ ಹೋಗುತ್ತಿತ್ತು. ಬೈಂದೂರಿನ ಗದ್ದೆಯಲ್ಲೋ ಬ್ರಹ್ಮಾವರದ ಯಾರದೋ ಮನೆಯ ಅಂಗಳದಲ್ಲೋ, ಎಲ್ಲಿ ಯಕ್ಷಗಾನದ ಆಟವಾದರೂ ಆ ಹೊತ್ತಿನಲ್ಲಿ ಒಂದು ಕೆಮ್ಮು ಕೂಡ ಕೇಳುತ್ತಿರಲಿಲ್ಲ. ಅಂಥ ಸುಖ ನಾನು ಮತ್ತೆ ಕಂಡಿಲ್ಲ.

ಆಮೇಲೆ ಕಾಲಮಿತಿಯ ಆಟಗಳು ಬಂದವು. ರಾತ್ರಿಯಿಡೀ ನಡೆಯುತ್ತಿದ್ದುದು ಊಟದ ಹೊತ್ತಿಗೆ ಮುಗಿಯಬೇಕು. ಮೇಳದ ಯಜಮಾನರು ಒಂದು ದಿನ ಚೌಕಿಯಲ್ಲಿ, ಎಲ್ಲರೂ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ, "ಶಾಮ, ಪೂಜೆ ಬಿಟ್ಟ್ ಬಿಡ್. ಜನ ಚಾ ಕುಡೂಕೆ ಏಳ್ತ್ರ್," ಎಂದರು. ಬಿಟ್ಟೆ. ಬಂದೆ, ಕೂಗಿದೆ, ಹೊಡೆದಾಡಿದೆ, ಸತ್ತೆ. ಆ ವರ್ಷದ ತಿರುಗಾಟ ಮುಗಿದದ್ದೇ ಗೆಜ್ಜೆ ಬಿಚ್ಚಿಟ್ಟೆ. ಆ ಕಡೆಯ ವರ್ಷಗಳಲ್ಲಿ ಜನ ಪೂಜೆಯ ನಡುವೆ ಏಳುತ್ತಿದ್ದರು ಎನ್ನುವುದು ಸುಳ್ಳಲ್ಲ, ನಾನೇ ಕಂಡಿದ್ದೆ. ಅದೇ ನನ್ನನ್ನು ತಿಂದುಹಾಕಿದ್ದು. ಸಾಯುವುದರೊಳಗೆ ಒಂದು ಸಲ ಆ ಪೂಜೆಯನ್ನು ಪೂರ್ತಿ ಮಾಡಬೇಕು, ಯಾರಾದರೂ ಅದನ್ನು ಕೂತು ಕೊನೆಯ ತನಕ ನೋಡಬೇಕು ಎನ್ನುವುದೊಂದೇ ಆಸೆ ಉಳಿದಿತ್ತು.

"ಕೂಗ್ ಕೊಡ್ತೆ," ಎಂದೆ ಅನಿಷಾಳಿಗೆ. "ಗೇಮಂಗೆ ರಾಕ್ಷಸನ ಪೂಜೆಯೂ ಹಾಕೂದಾರೆ ಮಾತ್ರ."

ಅವಳು ನಿತೇಶನ ಮುಖ ನೋಡಿದಳು. "ಅಡ್ಡಿಲ್ಲ, ಬನ್ನಿ," ಎಂದಳು.

ಮಾಳಿಗೆಯ ಕೋಣೆಯಲ್ಲಿ ನನಗೆ ಮೈಗೆ ಅಂಟುವ ಕಪ್ಪು ಅಂಗಿ ಚಡ್ಡಿ ತೊಡಿಸಿದರು. ಮೈತುಂಬ ಬಿಳಿ ಬೊಟ್ಟು. ನಾನು ಕೈಯೆತ್ತಿದರೆ ಕಂಪ್ಯೂಟರಿನೊಳಗಿನ ರಾಕ್ಷಸನೂ ಕೈಯೆತ್ತುತ್ತಾನಂತೆ. ನೋಡಲಿಕ್ಕೆಂದೇ ಬಂದಿದ್ದ ವನಮಾಲಾ, "ದೃಷ್ಟಿ ತೆಗೂಕೆ ಇಟ್ಟ್ ಕುಂಬ್ಳಕಾಯಿ ಕಂಡಾಂಗೆ ಕಾಣ್ತ್ರಿ," ಎಂದು ಬಾಯಿಗೆ ಸೆರಗು ಹಿಡಿದಳು. ಕಿರೀಟವಿಲ್ಲ, ಬಣ್ಣವಿಲ್ಲ, ಹಿಮ್ಮೇಳವಿಲ್ಲ. ಇಷ್ಟು ವರ್ಷದ ಮೇಲೆ ಬರುತ್ತದೋ ಇಲ್ಲವೋ ಎಂದುಕೊಂಡೆ. ಬಾಯಲ್ಲೇ ತಾಳ ಹೇಳಿಕೊಂಡು ಶುರು ಮಾಡಿದೆ. ಮೈ ಒಂದನ್ನೂ ಮರೆತಿರಲಿಲ್ಲ! ಆರತಿ ಎತ್ತಿ, ಅಡ್ಡಬಿದ್ದು, ಎದ್ದು ತಿರುಗಿ ಆರ್ಭಟ ಕೊಟ್ಟೆ. ಕೆಳಗಿನ ಅಂಗಡಿಯವರು ಯಾರು ಬಿದ್ದರು ಎಂದು ಓಡಿಬಂದರು.

ಎಲ್ಲ ಚಂದವೇ ಇತ್ತು. ಆಮೇಲೆ ಅನಿಷಾ ಮೆಲ್ಲಗೆ ಬಾಯಿಬಿಟ್ಟಳು.

"ಬೇಜಾರ್ ಮಾಡ್ಕಣ್ಬೇಡಿ ಶಾಮರಾಯ್ರೆ. ಗೇಮ್ ಆಡುವವ್ರಿಗೆ ಪುರ್ಸೊತ್ತಿಲ್ಲ. ಇಷ್ಟ್ ಉದ್ದ ಪೂಜೆ ಸುಮ್ನೆ ಕಾಣಿ ಅಂದ್ರೆ ಯಾರ್ ಕಾಂತ್ರ್? ಅದ್ಕೆ ಒಂದ್ ಉಪಾಯ ಮಾಡಿದೆ. ಪೂಜೆಗ್ ಕೂತಾಗ ಮಾತ್ರ ರಾಕ್ಷಸನ್ನ ಕೊಲ್ಲೂಕಾಪ್ದ್. ಎದ್ದ್ ಮೇಲೆ ಯಾವ ಗುಂಡೂ ನಾಟೂದಿಲ್ಲ, ಅವ್ನೇ ಇವ್ರನ್ನ ಕೊಲ್ತ."

"ಪೂಜೆಗ್ ಕೂತವ್ನಿಗೆ ಹಿಂದಿಂದ ಹೊಡೂದಾ?" ನನ್ನ ಧ್ವನಿ ನನಗೇ ಕರ್ಕಶವಾಗಿ ಕೇಳಿತು. "ನಿಮ್ಗೆಲ್ಲ ಮನ್ಸ್ ಅಂಬ್ದ್ ಇತ್ತಾ?"

"ಹೊಡೀರಿ ಅಂತ ನಾನ್ ಹೇಳೂದಿಲ್ಲ. ಕೋವಿ ಅವ್ರ್ ಕೈಯಂಗೆ ಇರತ್ತ್. ಹೊಡೂದೊ ಬಿಡೂದೊ ಅವ್ರಿಗೆ ಬಿಟ್ಟದ್."

ಅವಳು ಹೇಳಿದ್ದರಲ್ಲಿ ಮೋಸವೇನೂ ಇರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಆ ಕುಂಬಳಕಾಯಿ ಅಂಗಿಯನ್ನು ಕಳಚಿ ಬಿಸಾಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಮೇಳದಲ್ಲಿ ಎದ್ದು ಚಾಕ್ಕೆ ಹೋಗುತ್ತಿದ್ದರು, ಇಲ್ಲಿ ಗುಂಡು ಹೊಡೆದು ಮುಗಿಸುತ್ತಾರೆ. ಎರಡರಲ್ಲೂ ನನ್ನ ಪೂಜೆ ಅರ್ಧಕ್ಕೇ.

ಗೇಮ್ ತಯಾರಾಯಿತು, ಭಾನುವಾರ ಮಧ್ಯಾಹ್ನ ನಾಲ್ಕಾರು ಮಕ್ಕಳು ಬಂದು ಆಡಿ ನೋಡುತ್ತಾರೆ, ಬನ್ನಿ ಎಂದು ಅನಿಷಾ ಫೋನ್ ಮಾಡಿದಳು. ಬರುವುದಿಲ್ಲ ಎಂದೆ. ವನಮಾಲಾ ಇಸ್ತ್ರಿ ಮಾಡಿದ ಅಂಗಿ ತಂದು ಎದುರಿಗಿಟ್ಟಳು.

"ಹ್ವಾಯ್, ಮನಿಯಂಗೆ ಕೂಕಂಡ್ ಮುಖ ಊದ್ಸ್ಕಂಬ್ದ್ ಸಾಕ್. ನಿಮ್ಮನ್ನ ಕೊಲ್ಲೂದ್ ಯಾರ್ ಅಂತಾರೂ ಕಂಡ್ಕಂಡ್ ಬನ್ನಿ."

ಹೋದೆ. ಇವರೇ ರಾಕ್ಷಸ ಎಂದು ಯಾರಿಗೂ ಹೇಳಬಾರದು ಎಂದು ಅನಿಷಾಳಿಗೆ ತಾಕೀತು ಮಾಡಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಮೊದಲು ಕೂತವನು ಬ್ರಹ್ಮಾವರದ ಸುಜಿತ್, ಕಾಲೇಜು ಹುಡುಗ. ಅವನ ಬೆರಳಿನ ಚುರುಕು ನೋಡಿಯೇ ನನ್ನ ಪೂಜೆ ಇವತ್ತೂ ಅರ್ಧಕ್ಕೇ ಎಂದುಕೊಂಡೆ. ಬಾವಲಿ ಬಂದರೆ ಢಂ, ಹೆಣ ಎದ್ದರೆ ಢಂ. ಕಣ್ಣು ಪಿಳುಕಿಸುವುದೂ ಇಲ್ಲ. ಪಾಳು ದೇವಸ್ಥಾನದ ಪ್ರಾಕಾರ ದಾಟಿ ಒಳಗೆ ಬಂದ. ಕತ್ತಲಲ್ಲಿ ನನ್ನ ಕೂಗು ಕೇಳಿತು. ಹುಡುಗ ಕುರ್ಚಿಯಿಂದ ಹಾರಿಬಿದ್ದ. "ಅಯ್ಯಯ್ಯಬ್ಬಾ!" ಎಂದು ಎಲ್ಲರೂ ಕಿರುಚಿದರು. ಚಾಪೆಯ ಮೇಲಿನ ಆ ಹಳೆಯ ಮಕ್ಕಳೇ ಎದ್ದು ಬಂದಂತೆ ಕಂಡು ಎದೆ ತುಂಬಿತು.

ಗರ್ಭಗುಡಿಯ ಎದುರು ರಾಕ್ಷಸ ಬೆನ್ನು ಹಾಕಿ ನಿಂತಿದ್ದ. ಕೋರೆಹಲ್ಲು, ಕಿರೀಟ ಎಲ್ಲ ಅವರದು. ಕೈಕಾಲು ನನ್ನದು. ನೀರೆತ್ತಿ ತಲೆಗೆ ಹುಯ್ದುಕೊಂಡ. ಸುಜಿತ್ ಕೋವಿ ಗುರಿಯಿಟ್ಟ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ರಾಕ್ಷಸ ಭಸ್ಮ ಹಚ್ಚಿಕೊಂಡು ಶಿವನೆದುರು ಕೂತ.

"ಇದೇ ಚಾನ್ಸ್, ಹೊಡಿಯಾ!" ಎಂದು ಪಕ್ಕದಿಂದ ಯೋಗೀಶ ಎಂಬವನು ಅವನ ಭುಜ ಅಲ್ಲಾಡಿಸಿದ.

"ತಡಿ ಮಾರಾಯ. ಪೂಜೆ ಮಾಡ್ತಿದ್ದ ಕಾಣ್."

"ರಾಕ್ಷಸ ಅವ!"

"ರಾಕ್ಷಸ ಆರೆ ಎಂತ? ಪೂಜೆ ಮುಗೀಲಿ."

ಸುಜಿತ್ ಕೋವಿ ಇಳಿಸಿದ. ಕೋಣೆಯಲ್ಲಿ ಫ್ಯಾನಿನ ಶಬ್ದ ಬಿಟ್ಟರೆ ಮತ್ತೊಂದಿಲ್ಲ. ರಾಕ್ಷಸ ಒಂದೊಂದೇ ಹೂ ಏರಿಸಿದ. ಆರತಿ ಎತ್ತಿದ. ನೋಡುತ್ತೇನೆ, ಹುಡುಗನ ಬಲಗೈ ತಾನಾಗಿ ಎದೆಗೆ ಹೋಗಿ ಮುಟ್ಟಿ ಬಂತು! ರಾಕ್ಷಸ ಅಡ್ಡಬಿದ್ದ, ಎದ್ದ, ತಿರುಗಿದ, ಒಂದೇ ಏಟಿಗೆ ಸುಜಿತನನ್ನು ಕೊಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನ ನಂತರ ಆಡಲು ಕೂತ ಸೌಮ್ಯಶ್ರೀ ಎಂಬ ಹುಡುಗಿಗೆ ಅನಿಷಾ ಬಿಡಿಸಿ ಹೇಳಿದಳು, ಪೂಜೆಯ ಹೊತ್ತಿಗೆ ಹೊಡೆದರಷ್ಟೇ ಸಾಯುತ್ತಾನೆ ಎಂದು. ಹುಡುಗಿ ತಲೆಯಾಡಿಸಿ ಗೇಮಿನ ದೇವಸ್ಥಾನದೊಳಗೆ ಹೋದಳು. ಗುರಿಯಿಟ್ಟಳು. "ಹೂ ಹಾಕಿ ಆಗ್ಲಿ," ಎಂದಳು. ಹೂ ಆದ ಮೇಲೆ, "ಈಗ ಆರತಿ, ನಡೂಕೆ ಹೊಡೂದ್ ಹ್ಯಾಂಗೆ?" ಎಂದಳು. ಅವಳೂ ಸತ್ತಳು. ಹೊಡಿಯಾ ಹೊಡಿಯಾ ಎಂದು ಕುಣಿಯುತ್ತಿದ್ದ ಯೋಗೀಶನ ಸರದಿ ಬಂದಾಗ ಅವನೂ ಗೇಮಿನ ದೇವಸ್ಥಾನದ ಕಂಬಕ್ಕೆ ಒರಗಿ ನಿಂತು, ಆರತಿಯ ತನಕ ಕಾದು, ಸತ್ತ.

ನಿತೇಶ ತಲೆಯ ಮೇಲೆ ಕೈ ಹೊತ್ತ. ಅನಿಷಾ ನನ್ನ ಹತ್ತಿರ ಬಂದು ಬಗ್ಗಿದಳು.

"ಶಾಮರಾಯ್ರೆ, ಹೀಂಗಾರೆ ನನ್ನ್ ಗೇಮ್ ಗೆಲ್ಲೂದ್ ಯಾರ್? ಒಬ್ರೂ ಹೊಡೂದಿಲ್ಲ. ನಾನ್ ಇನ್ನ್ ಪೂಜೆ ತೆಗೂದೇ ಸೈಯಾ ಎಂತ?"

ತೆಗೆಯಬೇಡ ಎನ್ನಲು ನಾನು ಯಾರು, ಗೇಮ್ ಅವಳದು. ಅವಳ ಮಾತು ಮುಂದೆ ಕೂತವರಿಗೂ ಕೇಳಿತ್ತು. ಸುಜಿತ್ ಯೋಗೀಶನನ್ನು ಏಳಿಸಿ ಮತ್ತೆ ಕುರ್ಚಿ ಹಿಡಿದಿದ್ದ. ಪರದೆಯಿಂದ ಕಣ್ಣು ತೆಗೆಯದೆ ಅಲ್ಲಿಂದಲೇ ಹೇಳಿದ.

"ತೆಗೀಬೇಡಿ ಅಕ್ಕ. ನಾವ್ ಸತ್ರೂ ಅಡ್ಡಿಲ್ಲ."

ನಾನು ಅತ್ತೆ. ಮುಖ ಮುಚ್ಚಿಕೊಳ್ಳಲಿಕ್ಕೂ ಹೋಗಲಿಲ್ಲ. ಅಜ್ಜನಿಗೆ ಏನಾಯಿತು ಎಂದು ಸೌಮ್ಯಶ್ರೀ ಎದ್ದು ನೀರು ತಂದುಕೊಟ್ಟಳು, ಆಗ ಸುಜಿತ್ ಎಲ್ಲರಿಗೂ ಸುಮ್ಮನಿರಲು ಕೈಸನ್ನೆ ಮಾಡಿದ. ರಾಕ್ಷಸ ಸ್ನಾನಕ್ಕೆ ನಿಂತಿದ್ದ.