ಎಲ್ಲರಿಗೂ ಒಂದೊಂದು ಮಾತ್ರೆ

ನಮ್ಮ ಮನೆಗೆ ಜಂತುಹುಳ ಬರುವುದೆಂದರೇನು! ಚೆನ್ನೈನ ತ್ರಿಪ್ಲಿಕೇನಿನಲ್ಲಿ ಮೂರು ತಲೆಮಾರಿನಿಂದ ಮಡಿಯಲ್ಲೇ ಅಡುಗೆಯಾದ ಮನೆ. ಹಾಗಾಗಿ, ನನ್ನ ಮಗಳು ಸಂಹಿತಾಳಿಗೆ ಹುಳವಾಗಿದೆ ಎಂದು ಡಾಕ್ಟರು ಹೇಳಿದ ಮರುದಿನವೇ ನಮ್ಮತ್ತೆ ಪ್ರೇಮಮ್ಮ ಪಾತ್ರೆ ತೊಳೆಯುವ ನಾಗಮಣಿಯನ್ನು ಬಾಗಿಲಲ್ಲಿ ತಡೆದರು. "ನಿನ್ನಿಂದಲೇ ಬಂದಿದ್ದು. ಇನ್ನು ಬರಬೇಡ."

ನನಗೆ ಮೈಯೆಲ್ಲ ಉರಿಯಿತು. ಮಗುವಿಗೆ ದಿನಾ ಕೈತುತ್ತು ಹಾಕುವವರು ಯಾರು? ಅತ್ತೆಯ ಮಡಿಗೆ ಸೋಪು ಆಗದು. ಉಗುರು ತೆಗೆಯಲು ಮಂಗಳವಾರ ಆಗದು, ಶುಕ್ರವಾರ ಆಗದು, ಏಕಾದಶಿ ಆಗದು. ಉಳಿದ ದಿನ ನೆನಪಾಗದು. ಹುಳದ ಮೊಟ್ಟೆ ಉಗುರುಸಂದಿಯಲ್ಲಿರುತ್ತದೆ, ಯಾರಿಂದ ಯಾರಿಗೂ ಹೋಗಬಹುದು, ಎಲ್ಲರೂ ಒಂದೇ ದಿನ ಮಾತ್ರೆ ತಿನ್ನಿ ಎಂದಿದ್ದರು ಡಾಕ್ಟರು. ಬ್ಯಾಂಕಿಗೆ ಹೊತ್ತಾಯಿತೆಂದು ಜಾರಿಕೊಳ್ಳುತ್ತಿದ್ದ ನನ್ನ ಗಂಡ ಸುಘೋಷನಿಗೂ ಬಾಯಿಗೆ ಹಾಕಿಯೇ ಕಳಿಸಿದ್ದೆ.

"ನಿಲ್ಲು ನಾಗಮಣಿ" ಎಂದೆ. "ಅತ್ತೆ, ಈಗ ನೀವು ಮಾತ್ರೆ ತಗೊಳ್ಳಿ."

"ನನ್ನ ಹೊಟ್ಟೇಲಿ ಹುಳ ಇದೆ ಅಂತೀಯೇನೆ ಕೌಸಲ್ಯಾ?"

"ನನ್ನ ಹೊಟ್ಟೇಲೂ ಇರಬಹುದು. ನೋಡಿ." ಅವರೆದುರೇ ಒಂದು ಮಾತ್ರೆ ಅಗಿದೆ. "ಉಗುರೂ ತೆಗೀಬೇಕು."

"ಶುಕ್ರವಾರ ಉಗುರಾ? ಲಕ್ಷ್ಮಿ ಹೋಗ್ತಾಳೆ!"

"ಮೊದಲು ಹುಳ ಹೋಗಲಿ."

ಅತ್ತೆ ನನಗೆ ಬೆನ್ನು ಹಾಕಿ ಮೊಸರನ್ನ ಕಲಸಿದರು, ಮೊಮ್ಮಗಳನ್ನು ಕರೆದು ತುತ್ತು ಚಾಚಿದರು. ಸಂಹಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ತಮಿಳಿನಲ್ಲಿ ಹೇಳಿದಳು: "ಅಜ್ಜಿ, ಮೊದಲ್ಲ ನೀಂಗ ಮಾತ್ರೈ ಸಾಪ್ಡುಂಗ." ಮೊದಲು ನೀವು ಮಾತ್ರೆ ತಿನ್ನಿ ಅಂತ.

ತುತ್ತು ಹಿಡಿದ ಕೈ ತಟ್ಟೆಗೆ ಇಳಿಯಿತು.

"ನಿನ್ನ ಮಾತಿಗಲ್ಲ ಕಣೇ, ಮಗು ಹಸಿದಿದೆ ಅಂತ" ಎಂದು ಅತ್ತೆ ಕೈ ತೊಳೆದರು, ಸೋಪು ಹಾಕಿಯೇ ತೊಳೆದರು. ಮಾತ್ರೆ ಅಗಿದು ಮುಖ ಕಿವುಚಿದರು. ನೇಲ್‌ಕಟರಿಗೂ ಕೈ ಚಾಚಿದರು. ನನಗೆ ಕುಣಿಯಬೇಕೆನಿಸಿತು.

ನಾಗಮಣಿಗೂ ಒಂದು ಮಾತ್ರೆ ಕೊಟ್ಟೆ. ತಿಂದಳು. ಒಳಗೆ ಮಾತ್ರ ಬರಲಿಲ್ಲ.

"ಬರಬೇಡ ಅಂದವರು ದೊಡ್ಡಮ್ಮ" ಎಂದಳು ತನ್ನ ತಮಿಳಿನಲ್ಲಿ. "ಬಾ ಅಂತ ಅವರೇ ಹೇಳಲಿ. ನನ್ನಿಂದ ಅಲ್ಲ ಅಂತಾನೂ ಹೇಳಲಿ, ಈ ಮಗು ಕೇಳೋ ಹಾಗೆ."

ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅತ್ತೆ ಹತ್ತು ಉಗುರನ್ನೂ ತೆಗೆದು ಮುಗಿಸಿ ತಲೆ ಎತ್ತಿದರು.

"ನಾಗಮಣಿಯಿಂದ ಅಲ್ಲ ಕಂದ" ಎಂದರು ಕೊನೆಗೆ. "ನನ್ನ ಕೈಯಿಂದಲೇ ಇರಬಹುದು."

ಬಾಗಿಲ ಕಡೆ ತಿರುಗಿದರು. "ಒಳಗೆ ಬಾರಮ್ಮ."