ಆಸನ ಸ್ವೀಕಾರ

"ಏಳೇ ಮುಂಡೆ! ಯಾರಪ್ಪನ ಮನೆಯ ಕುರ್ಚಿ ಅಂತ ಕೂತಿದ್ದೀ? ನಿನ್ನ ಕುಂಡೆಗೆ ನೆಲ ಸಾಕಾಗುದಿಲ್ವಾ?"

ಧರ್ಣಪ್ಪ ಧನಿಗಳ ಈ ಮಾತು ಕಾಲೇಜಿನ ಮುರಕಲ್ಲಿನ ಗೋಡೆಗೆ ಬಡಿದು ನಮ್ಮ ಕಡೆಗೆ ಮರಳುವಷ್ಟರಲ್ಲಿ ಕಾಂತಿ ಎದ್ದು ನಿಂತಾಗಿತ್ತು. ಅವಳು ಕುಳಿತದ್ದು ವೀಳ್ಯದೆಲೆಯ ತೊಟ್ಟು ಮುರಿಯುವಷ್ಟು ಹೊತ್ತು ಮಾತ್ರ. ಧನಿಗಳ ಮನೆಯ ಬೀಟೆಮರದ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಗುಡ್ಡವೇರಿ ಬಂದವಳು, ಇಳಿಸಿದ ಮೇಲೆ, ಹೊತ್ತದ್ದರ ಮೇಲೆಯೇ ಕುಳಿತುಬಿಟ್ಟಿದ್ದಳು.

"ಸುಸ್ತಾಯ್ತು ಧನಿ, ಬಸುರಿ ಹೆಂಗಸು," ಎಂದು ನಮ್ಮ ಹಿರಿಯನಾದ ಹುಕ್ರಪ್ಪ ಕೈಮುಗಿದನು.

"ಬಸುರಿಯಾದ್ರೆ? ನನ್ನ ಕುರ್ಚಿಯಲ್ಲಿ ಹೆರ್ಲಿಕ್ಕೆ ಉಂಟಾ ಅವಳಿಗೆ? ಬೇವರ್ಸಿಗಳು! ತೆಗೊಂಡು ಹೋಗಿ ಕೆರೆಗೆ ಹಾಕಿ ಅದನ್ನು. ಚೆನ್ನಾಗಿ ನೆನೀಲಿ."

ಗದ್ದಲ ಕೇಳಿ ಪ್ರಿನ್ಸಿಪಾಲ ರಮಾನಾಥರಾಯರು ಜಗಲಿಗೆ ಬಂದರು. ಕಳೆದ ಗಣರಾಜ್ಯದ ದಿನ ಇದೇ ಜಗಲಿಯಲ್ಲಿ ನಿಂತು, ಮನುಷ್ಯರೆಲ್ಲರೂ ಸಮಾನರೆಂದು ಗಂಟಲು ಕಟ್ಟುವ ತನಕ ಭಾಷಣ ಮಾಡಿದ್ದ ಮಹನೀಯರು ಅವರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಂತಿಯನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದರು.

"ಇದು ಧನಿಗಳ ಸ್ವಂತ ಸೊತ್ತಿನ ವಿಚಾರ. ಇವತ್ತಿನ ಕಾರ್ಯಸೂಚಿಯಲ್ಲಿ ಇಲ್ಲ," ಎಂದು ತೀರ್ಪಿತ್ತು ಒಳಗೆ ಹೋದರು.

ಬೆಳ್ತಂಗಡಿ ತಾಲೂಕಿನ ನಮ್ಮ ಊರಿನ ಗುಡ್ಡದ ನೆತ್ತಿಯ ಪದವಿನ ಮೇಲೆ ವಿಶ್ವವಿದ್ಯಾನಿಲಯದವರು ಆ ಕಾಲೇಜನ್ನು ತೆರೆದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹುಡುಗರಿಗೆ ಬೆಂಚುಗಳು ಬಂದಿದ್ದವು. ಕುರ್ಚಿಗಳು ಮಾತ್ರ ಮಂಜೂರಾತಿಯ ದಾರಿಯಲ್ಲಿ ಎಲ್ಲಿಯೋ ಉಳಿದುಹೋಗಿದ್ದವು. ಕಾಲೇಜಿನ ಆಡಳಿತವನ್ನು ಅಧ್ಯಾಪಕರೇ ಸಮಿತಿ ಕಟ್ಟಿಕೊಂಡು ನಡೆಸತಕ್ಕದ್ದೆಂದೂ, ಸ್ಥಳದಾನಿಗಳು ಅದರಲ್ಲೊಬ್ಬ ಸದಸ್ಯರಾಗಿರತಕ್ಕದ್ದೆಂದೂ ಮೇಲಿನಿಂದ ಆಜ್ಞೆಯಾಗಿತ್ತು. ಹಾಗೆ ರಾಯರೂ ಸೇರಿ ಆರು ಮಂದಿ ಅಧ್ಯಾಪಕರೂ ಧರ್ಣಪ್ಪ ಧನಿಗಳೂ ಸೇರಿ ಸಮಿತಿಯಾಯಿತು. ವಿದ್ಯಾರ್ಥಿಗಳು ಕುಳಿತೆದ್ದ ಬೆಂಚಿನ ಮೇಲೆ ತಾವು ಕುಳಿತರೆ ಸಮಿತಿಯ ಘನತೆಗೆ ಕುಂದೆಂದು ರಾಯರು ಹೇಳಿದ್ದರಿಂದ, ಪ್ರತಿ ಸಭೆಗೂ ಧನಿಗಳ ಚಾವಡಿಯಿಂದ ಏಳು ಕುರ್ಚಿಗಳು ಗುಡ್ಡವೇರತೊಡಗಿದವು. ಏರಿಸುವವರು ಧನಿಗಳ ಒಕ್ಕಲುಗಳಾದ ನಾವು ಏಳು ಮಂದಿ. ಸಭೆ ಮುಗಿಯುವವರೆಗೆ ಕಿಟಕಿಯ ಹೊರಗೆ ಬಿಸಿಲಿನಲ್ಲಿ ನಿಂತಿದ್ದು, ಆಮೇಲೆ ಅವನ್ನು ಇಳಿಸಬೇಕು. ಮೇಲೇರಿದ ಮೇಲೊಮ್ಮೆ, ಮರಳಿದ ಮೇಲೊಮ್ಮೆ ಕುರ್ಚಿಗಳ ಮೇಲೆ ಧನಿಗಳ ಆಳು ಕಿಂಡಿಚೊಂಬಿನಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ, ನಾವು ಮುಟ್ಟಿದ ದೋಷ ಹೋಗುತ್ತಿತ್ತು. ಕುಳಿತ ದೋಷಕ್ಕೆ ನಾಲ್ಕು ಹನಿ ಸಾಲದೆಂಬುದು ಆ ದಿನ ನಮಗೆ ತಿಳಿಯಿತು.

ಕಾಂತಿ ಕುಳಿತ ಕುರ್ಚಿ ಕೆರೆಗೆ ಹೋದುದರಿಂದ, ಒಳಗೆ ಒಬ್ಬರಿಗೆ ಆಸನ ಕಡಿಮೆಯಾಯಿತು. ಎಲ್ಲರಿಗಿಂತ ಕಿರಿಯರಾದ ನಿತ್ಯಾನಂದ ಮಾಸ್ತರರು ಗೋಡೆಗೆ ಒರಗಿ ನಿಂತರು. ಧನಿಗಳು ಕುಳಿತಲ್ಲಿಂದಲೇ ಕೇಳಿದರು:

"ಹುಡುಗ್ರಿಗೆ ಆಟದ ಬಯಲು ಬೇಕು ಅಂತ ಹೇಳ್ತಾ ಇದ್ರಲ್ಲ ರಾಯ್ರೇ? ಈ ಇಳಿಜಾರಿನಲ್ಲಿ ಗುಡಿಸ್ಲು ಉಂಟಲ್ಲ, ಅದನ್ನು ಕಿತ್ತು ಸಮ ಮಾಡಿಸಿ. ಜಾಗ ನಾನು ಕೊಟ್ಟೆ ಅಂತ ಬರ್ಕೊಳ್ಳಿ."

ಕಿಟಕಿಯ ಹೊರಗೆ ನಿಂತ ನಮ್ಮ ಕಿವಿಗೆ ಅದು ಸ್ಪಷ್ಟವಾಗಿಯೇ ಬಿತ್ತು. ಆ ಗುಡಿಸಲುಗಳು ನಮ್ಮವು. ನನ್ನ ಅಜ್ಜ ಅಲ್ಲಿ ಹುಟ್ಟಿ ಅಲ್ಲಿಯೇ ಮಣ್ಣಾದವನು.

"ಅವರು ಎಲ್ಲಿಗೆ ಹೋಗ್ಬೇಕು ಸಾರ್?" ಎಂದು ನಿತ್ಯಾನಂದರು ಕೇಳಿದರು. "ಮಳೆಗಾಲ ಬರ್ತಾ ಉಂಟು. ನನ್ನ ವಿರೋಧ ಉಂಟು ಇದಕ್ಕೆ."

ರಮಾನಾಥರಾಯರು ಲೇಖನಿಯನ್ನು ಮೇಲೆತ್ತಿ ಹಿಡಿದರು. "ನಿತ್ಯಾನಂದರೇ, ನೀವು ನಿಂತಿದ್ದೀರಿ. ನಿಂತವರೆಲ್ಲ ಮಾತಾಡ್ಲಿಕ್ಕೆ ಹೊರಟ್ರೆ ಸಭೆಗೂ ಸಂತೆಗೂ ಎಂತ ವ್ಯತ್ಯಾಸ? ಬರೆದುಕೊಳ್ಳುವ: ಆಸೀನರಾಗದ ಸದಸ್ಯರು ಹಾಜರಿದ್ದಾರೆಂದು ಪರಿಗಣಿಸತಕ್ಕದ್ದಲ್ಲ. ಸಮ್ಮತವೋ?"

ಆರು ಆಸೀನರೂ ತಲೆಯಾಡಿಸಿದರು. ಮೊದಲು ಆ ನಿಯಮ, ಅದರ ಬೆನ್ನಿಗೆ ಆಟದ ಬಯಲು, ಎರಡೂ ಅವಿರೋಧವಾಗಿ ಅಂಗೀಕೃತವಾದವು. ಇನ್ನೊಂದು ಸಭೆಯಲ್ಲಿ, ವಿಶ್ವವಿದ್ಯಾನಿಲಯದ ಪ್ರತಿನಿಧಿಗಳೊಬ್ಬರ ಸಮಕ್ಷಮ ಅವು ಸ್ಥಿರವಾದರೆ ಗುಡಿಸಲು ಕೀಳಬಹುದು. ಮಾರ್ಚ್ ತಿಂಗಳ ಕೊನೆಯ ದಿನಕ್ಕೆ ಆ ಸಭೆ ಗೊತ್ತಾಯಿತು. ಅಂದು ತಪ್ಪಿದರೆ ಆಟದ ಬಯಲಿನ ಮಂಜೂರಾತಿಯು ಬೇರೆ ಊರಿನ ಕಾಲೇಜಿಗೆ ಸಲ್ಲುವುದೆಂದು ರಾಯರು ಎಚ್ಚರಿಸಿದರು.

ಆ ತಿಂಗಳು ನಮ್ಮ ಗುಡಿಸಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹುಕ್ರಪ್ಪನು ಧನಿಗಳ ಕಾಲಿಗೆ ಬಿದ್ದುಬಂದನು; ರಾಯರ ಕಾಲಿಗೂ ಬೀಳಲು ಹೋದನು, ಅವರು ಕಾಲನ್ನು ಹಿಂದೆಗೆದುಕೊಂಡು, ಅರ್ಜಿಯನ್ನು ಲಿಖಿತವಾಗಿ ಸಲ್ಲಿಸೆಂದರು. ಕಾಂತಿಯೊಂದಿಗೆ ಒಂದಿಬ್ಬರು ಹೆಂಗಸರು ಮಾತು ಬಿಟ್ಟರು. ಅವಳು ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತ, ಯಾರು ಕೇಳಲಿ ಬಿಡಲಿ, ತನ್ನಷ್ಟಕ್ಕೆ ಮಾತಾಡುತ್ತಿದ್ದಳು.

"ನನಗೆ ಒಂದು ಅರ್ಥ ಆಗುದಿಲ್ಲ ಮಾವ. ಕುರ್ಚಿಯನ್ನು ಕವುಚಿ ಹಾಕಿ ತಲೆ ಮೇಲೆ ಇಟ್ಕೊಳ್ತೇವೆ. ಅವ್ರು ಕೂರುವ ಜಾಗಕ್ಕೇ ಅಲ್ವಾ ನಮ್ಮ ತಲೆ ತಾಗುದು? ತಲೆ ತಾಗಿದ್ರೆ ನಾಲ್ಕು ಹನಿ ನೀರು. ಕುಂಡೆ ತಾಗಿದ್ರೆ ಇಡೀ ಕೆರೆ. ನಮ್ಮ ತಲೆಗಿಂತ ನಮ್ಮ ಕುಂಡೆಗೇ ಹೆಚ್ಚು ಶಕ್ತಿ ಅಂತಾಯ್ತು."

"ಬಾಯಿ ಮುಚ್ಚು ಮಾರಾಯ್ತಿ," ಎಂದನು ಹುಕ್ರಪ್ಪ. "ನಿನ್ನ ಕುಂಡೆಯಿಂದಲೇ ಇಷ್ಟೆಲ್ಲ ಆದದ್ದು."

"ಒಂದು ಕುಂಡೆಗೆ ಇಷ್ಟಾಯ್ತು," ಎಂದಳು ಕಾಂತಿ. "ಏಳು ಕೂತ್ರೆ?"

ಹುಕ್ರಪ್ಪ ಎಲೆಯಡಿಕೆಯನ್ನು ಬಾಯಿಗಿಡಲು ಹೊರಟವನು ಹಾಗೆಯೇ ಉಳಿದನು.

"ಹೊಡೆದು ಹಾಕ್ತಾರೆ," ಎಂದನು ಅವನು.

"ಗುಡಿಸ್ಲು ಕಿತ್ತ ಮೇಲೆ ಮುದ್ದು ಮಾಡ್ತಾರಾ?"

ಮಾರ್ಚ್ ತಿಂಗಳ ಆ ಕೊನೆಯ ಮಧ್ಯಾಹ್ನ ಪದವಿನ ಕಲ್ಲು ಕಾದ ಹೆಂಚಿನಂತಿತ್ತು. ಕಾಲೇಜಿನ ತಗಡಿನ ಮಾಡಿನ ಕೆಳಗೆ ಇರಲಾಗದೆಂದು, ಗೋಳಿಮರದ ಅಡಿಯಲ್ಲಿ ಕುರ್ಚಿ ಹಾಕಲು ಅಪ್ಪಣೆಯಾಗಿತ್ತು. ಕೆರೆಯಲ್ಲಿ ನೆಂದು ಒಣಗಿ ಬೆತ್ತ ಸಡಿಲವಾಗಿದ್ದ ಆ ಕುರ್ಚಿಯನ್ನೂ ಕೂಡಿಸಿ ಏಳನ್ನೂ ಹೊತ್ತು ತಂದೆವು, ಸಾಲಾಗಿ ಇಟ್ಟೆವು. ಪ್ರತಿನಿಧಿಗಳನ್ನು ಬಸ್ಸಿನಿಂದ ಇಳಿಸಿಕೊಂಡು ಸಮಿತಿಯು ಇಡಿಯಾಗಿ ಗುಡ್ಡ ಹತ್ತಿ ಬರುತ್ತಿತ್ತು. ಮೊದಲು ಧನಿಗಳ ಜರಿಯ ಮುಂಡಾಸು, ಅದರ ಹಿಂದೆ ಕೊಡೆಗಳು ಕಂಡವು.

"ಈಗ," ಎಂದಳು ಕಾಂತಿ.

ನಾವು ಕುಳಿತೆವು.

ಜೀವಮಾನದಲ್ಲಿ ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಸುಲಭದ ಕೆಲಸವಲ್ಲ. ಹಿಂದೆ ಒರಗುಂಟೆಂಬುದನ್ನು ನನ್ನ ಬೆನ್ನು ಬಹಳ ಹೊತ್ತಿನ ತನಕ ನಂಬಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿಟ್ಟೆನು, ಒಮ್ಮೆ ಮುಗಿದೆನು. ರಾಯರ ತೋಳಿನ ಕುರ್ಚಿಯಲ್ಲಿದ್ದ ಹುಕ್ರಪ್ಪನು ಅದರ ತೋಳುಗಳೆರಡನ್ನೂ ಬಿಗಿಯಾಗಿ ಹಿಡಿದಿದ್ದನು. ಧನಿಗಳ ಕುರ್ಚಿಯಲ್ಲಿದ್ದ ಕಾಂತಿ ಮಾತ್ರ, ಕಾಲು ಚಾಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ಆಚೀಚೆ ಒಲೆದು ನೋಡಿ, "ಛೆ, ಇಷ್ಟೇಯಾ ಇದು!" ಎಂದಳು.

ಸಮಿತಿಯು ಇದ್ದಲ್ಲಿಯೇ ಕಲ್ಲಾಯಿತು. ಧನಿಗಳ ಬಾಯಿ ತೆರೆಯಿತು. ಹೊರಡಬೇಕಾದ ಬೈಗುಳವು ಹಲ್ಲಿನ ತನಕ ಬಂದದ್ದು ನಮಗೆ ಕಂಡಿತು. ಆದರೆ ಮಗ್ಗುಲಲ್ಲಿ ಪ್ರತಿನಿಧಿಗಳಿದ್ದರು. ಅಸ್ಪೃಶ್ಯತೆ ಆಚರಿಸಿದವರಿಗೆ ಜೈಲೆಂಬ ಕಾನೂನು ಬಂದು ವರ್ಷಗಳಾಗಿದ್ದವು. ದೂರದ ಊರಿನ ಆ ಮನುಷ್ಯ ಯಾವ ಜಾತಿಯೆಂಬುದು ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹುಕ್ರಪ್ಪನು ಮೆಲ್ಲನೆ ಎದ್ದನು; ನಾವೂ ಎದ್ದು, ಸೊಂಟಕ್ಕೆ ಸುತ್ತಿದ ಬೈರಾಸದಿಂದ, ಸೆರಗಿನಿಂದ ಏಳು ಕುರ್ಚಿಗಳನ್ನೂ ಭಯಭಕ್ತಿಯಿಂದ ಒರೆಸಿದೆವು.

"ಕೂತ್ಕೊಳ್ಳಿ ಸ್ವಾಮಿ. ಗಾಳಿಗೆ ಬೀಳ್ಬಾರ್ದು ಅಂತ ನಾವು ಕೂತು ಹಿಡ್ಕೊಂಡಿದ್ದೆವು," ಎಂದನು ಹುಕ್ರಪ್ಪ.

ಪ್ರತಿನಿಧಿಗಳು "ಅಬ್ಬಾ, ಏನು ಬಿಸಿಲಪ್ಪಾ!" ಎನ್ನುತ್ತ ಮೊದಲ ಕುರ್ಚಿಯಲ್ಲಿ ಧೊಪ್ಪನೆ ಕುಳಿತು, ಚೀಲದಿಂದ ಬಾಳೆಹಣ್ಣೊಂದನ್ನು ತೆಗೆದು ಸುಲಿದರು. ಉಳಿದವರು ನಿಂತೇ ಇದ್ದರು.

"ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಉಪಚಾರ ಯಾಕೆ?"

"ನನಗೆ... ಊಟವಾದ ಮೇಲೆ ಕೂರ್ಬಾರ್ದು ಅಂತ ವೈದ್ಯರು ಹೇಳಿದ್ದಾರೆ," ಎಂದರು ಚರಿತ್ರೆಯ ಅಧ್ಯಾಪಕರು.

"ನನಗೆ ಮೂಲವ್ಯಾಧಿ," ಎಂದರು ಗಣಿತದವರು. ಅವರ ಪಕ್ಕದವರು ಅದೇ ಕಾಯಿಲೆಯನ್ನು ಹೇಳಲು ಬಾಯಿ ತೆರೆದವರು, ಈಗಾಗಲೇ ಒಬ್ಬರು ತೆಗೆದುಕೊಂಡದ್ದನ್ನು ಕಂಡು, ಸೊಂಟನೋವಿಗೆ ಇಳಿದರು. ಸಸ್ಯಶಾಸ್ತ್ರದವರು ಗೋಳಿಮರದ ಎಲೆಯೊಂದನ್ನು ಕಿತ್ತು, ತಮ್ಮ ಸೇವೆಯಲ್ಲಿ ಅಂಥ ಎಲೆಯನ್ನೇ ಕಾಣದವರ ಹಾಗೆ ಪರೀಕ್ಷಿಸತೊಡಗಿದರು.

"ನಿಮಗೆ ಏನಾಗಿದೆ?" ಎಂದು ಪ್ರತಿನಿಧಿಗಳು ನಿತ್ಯಾನಂದರನ್ನು ಕೇಳಿದರು.

"ನನಗೆ ಈ ಸಮಿತಿಯಲ್ಲಿ ನಿಂತು ಅಭ್ಯಾಸ ಸಾರ್."

ಅವರು ನಮಗೋಸ್ಕರ ನಿಂತರೋ, ನಮಗೆ ಹೇಸಿ ನಿಂತರೋ, ಇಂದಿನವರೆಗೂ ನನಗೆ ತಿಳಿಯದು. ಬಹಳ ಕಾಲದ ಮೇಲೆ ಮೂಡುಬಿದಿರೆಯ ಬಸ್ಸಿನಲ್ಲೊಮ್ಮೆ ಸಿಕ್ಕಾಗ ಕೇಳಬೇಕೆಂದುಕೊಂಡೆನು; ಅವರ ಪಕ್ಕದಲ್ಲಿ ಜಾಗವಿತ್ತು, ಕುಳಿತೆನು, ಕೇಳಲಿಲ್ಲ.

ರಾಯರ ಹಣೆಯಿಂದ ಬೆವರು ಇಳಿಯುತ್ತಿತ್ತು. "ಬೆಂಚು ತರಿಸುವ," ಎಂದರು.

"ಇಷ್ಟು ಚಂದದ ಕುರ್ಚಿಗಳಿರುವಾಗ ಬೆಂಚು ಯಾಕೆ ಪ್ರಿನ್ಸಿಪಾಲರೇ?"

ಅದಕ್ಕೆ ಕೊಡಬಹುದಾದ ಉತ್ತರ ಒಂದೇ ಇತ್ತು, ಅದನ್ನು ಕೊಡುವಂತಿರಲಿಲ್ಲ.

"ಬೆಂಚು ಬೇಕಾದ್ರೂ ತರ್ತೇವೆ ಸ್ವಾಮಿ," ಎಂದನು ಹುಕ್ರಪ್ಪ. ಬೈರಾಸವನ್ನು ಕೊಡವಿ ಹೆಗಲಿಗೆ ಹಾಕಿಕೊಂಡನು. "ತಂದು, ಒರೆಸಿ, ಕಾಲು ಗಟ್ಟಿ ಉಂಟಾ ಅಂತ ನಾವೇ ಒಮ್ಮೆ ಕೂತು ನೋಡಿ ಕೊಡ್ತೇವೆ."

"ನಾಯಿ!" ಎಂದು ಧನಿಗಳು ಹಲ್ಲು ಕಚ್ಚಿದರು.

"ಎಲ್ಲಿ?" ಎಂದು ಪ್ರತಿನಿಧಿಗಳು ಬೆಚ್ಚಿ ಕಾಲನ್ನು ಮೇಲೆತ್ತಿಕೊಂಡರು.

ನಾಯಿ ಇಲ್ಲವೆಂದು ಖಾತ್ರಿಯಾದ ಮೇಲೆ ಅವರು ಹಿಂದಿನ ಸಭೆಯ ನಡಾವಳಿಯನ್ನು ಕೇಳಿ ತೆಗೆದುಕೊಂಡು, ಬಾಳೆಹಣ್ಣನ್ನು ಮುಗಿಸುತ್ತ ಗಟ್ಟಿಯಾಗಿ ಓದಿದರು: "ಆಸೀನರಾಗದ ಸದಸ್ಯರು ಹಾಜರಿದ್ದಾರೆಂದು ಪರಿಗಣಿಸತಕ್ಕದ್ದಲ್ಲ. ಭೇಷ್! ಬಹಳ ಶಿಸ್ತಿನ ನಿಯಮ. ಯಾರ ಸೂಚನೆ ಇದು?"

ರಾಯರು ಕನ್ನಡಕ ತೆಗೆದು ಒರೆಸತೊಡಗಿದರು.

"ಹಾಗಾದರೆ ಇಲ್ಲಿ ಹಾಜರಿರುವವನು ನಾನೊಬ್ಬನೇ. ನಾನು ನಿಮ್ಮ ಸದಸ್ಯನಲ್ಲ. ದಯವಿಟ್ಟು ಕುಳಿತುಕೊಳ್ಳಿ. ನನಗೆ ಸಂಜೆಯ ಬಸ್ಸಿದೆ."

ರಾಯರು ತಮ್ಮ ತೋಳಿನ ಕುರ್ಚಿಯ ಬಳಿಗೆ ಬಂದರು. ಧೋತರವನ್ನು ಒಟ್ಟುಮಾಡಿಕೊಂಡರು. ಅರ್ಧ ಬಗ್ಗಿದರು. ಹುಕ್ರಪ್ಪ ಒರೆಸಿದ ಬೆತ್ತದ ಮೇಲೆ, ಬಿಸಿಲಿನಲ್ಲಿ ಗುಡ್ಡವೇರಿದ ಮನುಷ್ಯನ ಬೆವರಿನ ಕಲೆ ಇನ್ನೂ ಪೂರ್ತಿ ಆರಿರಲಿಲ್ಲ. ರಾಯರು ಅದನ್ನು ನೋಡಿದರು. ಹಾಗೆ ಅರ್ಧ ಬಗ್ಗಿಕೊಂಡು, ಕುಳಿತವರೂ ಅಲ್ಲದೆ ನಿಂತವರೂ ಅಲ್ಲದೆ, ಎಷ್ಟೋ ಹೊತ್ತು ಇದ್ದರು. ಆಮೇಲೆ ಬೆನ್ನು ನೆಟ್ಟಗಾಯಿತು.

ನೆರಳು ಮರದ ಬುಡದಿಂದ ಜಾರಿ ಆಚೆಗೆ ಹೋಯಿತು. ಆರು ಖಾಲಿ ಕುರ್ಚಿಗಳ ಸುತ್ತ ಏಳು ಮಂದಿ ವಿದ್ವಾಂಸರೂ ದಾನಿಗಳೂ ಬಿಸಿಲಿನಲ್ಲಿ ನಿಂತಿದ್ದರು. ಬಿಸಿಲಿನಲ್ಲಿ ನಿಂತು ಪಳಗಿದ ನಾವು ಅಂದು ಕಾಲೇಜಿನ ಜಗಲಿಯ ನೆರಳಿನಲ್ಲಿದ್ದೆವು. ಗುರುವಾಯನಕೆರೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿದಾಗ ಪ್ರತಿನಿಧಿಗಳು ಎದ್ದು, ಸದಸ್ಯರ ಗೈರುಹಾಜರಿಯಿಂದ ಸಭೆ ನಡೆಯಲಿಲ್ಲವೆಂದು ಬರೆದು ರುಜುಹಾಕಿ, ಕುರ್ಚಿಗಳನ್ನು ಮತ್ತೊಮ್ಮೆ ಹೊಗಳಿ, ಗುಡ್ಡವಿಳಿದರು.

ಅವರ ಕೊಡೆ ಮರೆಯಾಗುವುದನ್ನೇ ಧನಿಗಳು ಕಾಯುತ್ತಿದ್ದರು.

"ಬೋಳಿಮಕ್ಕಳೇ! ಈ ಕುರ್ಚಿ ನನ್ನ ಅಂಗಳಕ್ಕೆ ಬಂದ್ರೆ ನಿಮ್ಮ ಕಾಲು ಮುರೀತೇನೆ! ಸಮಿತಿ ಗಿಮಿತಿ ಸಾಕು ನನಗೆ. ಇವತ್ತು ಹೊತ್ತು ಕಂತುವುದ್ರೊಳಗೆ ನನ್ನ ಜನ ಬರ್ತಾರೆ. ಗುಡಿಸ್ಲು ಹೇಗೆ ಉಳೀತದೆ ಅಂತ ನೋಡ್ತೇನೆ!"

ರಾಯರು ಎಂದಿನಂತೆ ಕನ್ನಡಕ ಇಳಿಸಿದರು. ಆದರೆ ಅದು ಕಾರ್ಯಸೂಚಿಯಲ್ಲಿ ಉಂಟೋ ಇಲ್ಲವೋ ಎಂದು ಹೇಳಲಿಲ್ಲ. ಕೊಡೆ ಬಿಚ್ಚಿ ನಡೆದರು.

ಧನಿಗಳ ಮನೆಗೆ ಹೋಗಬಾರದ ಕುರ್ಚಿಗಳನ್ನು ನಾವು ನಮ್ಮ ಮನೆಗೆ ಒಯ್ದೆವು. ಈ ಸಾರಿ ತಲೆಯ ಮೇಲೆ ಇಟ್ಟುಕೊಳ್ಳಲಿಲ್ಲ, ಕಂಕುಳಲ್ಲಿ ಇರುಕಿಕೊಂಡೆವು. ಹೆಂಗಸರು ಒಳಗಿನ ಗಡಿಗೆ, ಚಾಪೆಗಳನ್ನು ಹೊರಗೆ ತಂದಿಟ್ಟಿದ್ದರು, ಮತ್ತೆ ಒಳಗಿಟ್ಟರು, ಮತ್ತೆ ಹೊರಗೆ ತಂದರು. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಗುಡ್ಡದ ಬುಡದಲ್ಲಿ ದೊಣ್ಣೆ ಹಿಡಿದವರು ಒಬ್ಬೊಬ್ಬರಾಗಿ ಕೂಡುತ್ತಿರುವುದು ಮೇಲಿನಿಂದ ಕಾಣುತ್ತಿತ್ತು.

"ಮಾತಾಡಿ ನೋಡುವ," ಎಂದನು ಹುಕ್ರಪ್ಪ. "ಎದುರು ಹೋಗಿ ಕೈಮುಗಿದು..."

ಕಾಂತಿ ಧನಿಗಳ ಕುರ್ಚಿಯನ್ನು ಎಳೆದುಕೊಂಡು ಹೋಗಿ, ಗುಡಿಸಲುಗಳಿಗೆ ಬರುವ ಕಾಲುದಾರಿಯ ನಟ್ಟನಡುವೆ ಇಟ್ಟಳು. ಸೊಂಟಕ್ಕೆ ಕೈಯೂರಿ, ಮೆಲ್ಲನೆ ಅದರಲ್ಲಿ ಕುಳಿತಳು. ನಾವೂ ಒಂದೊಂದನ್ನೇ ತಂದು ಅವಳ ಎಡಬಲಕ್ಕೆ ಹಾಕಿಕೊಂಡೆವು. ಈಗ ನನ್ನ ಬೆನ್ನಿಗೆ ಒರಗು ಸಿಕ್ಕಿತು.

"ಬರ್ಲಿ," ಎಂದಳು ಕಾಂತಿ, ವೀಳ್ಯದೆಲೆಯ ತೊಟ್ಟು ಮುರಿಯುತ್ತ. "ಮಾತಾಡ್ಲಿಕ್ಕೆ ಉಂಟಾದ್ರೆ ಅವ್ರು ನಿಂತು ಮಾತಾಡ್ಲಿ."