ಗಂಟೆ ಹೊಡೆಯದ ಶಾಲೆ

"ಬಕೆಟ್ ತುಂಬಿತ್ತು, ಚೆಲ್ತು. ಅಷ್ಟೇ" ಎನ್ನುತ್ತಾ ಮಗಳು ಬಚ್ಚಲಿನಿಂದ ಹೊರಗೆ ಬಂದಳು. ತುಂಬಿದ ಬಕೆಟ್ಟಿಗೆ ಚೊಂಬು ಮುಳುಗಿಸಿದರೆ ನೀರೇಕೆ ಚೆಲ್ಲುತ್ತದೆ ಎಂದು ಅಮ್ಮ ಕೇಳಿದ್ದಳು. ಅದಕ್ಕೂ ಮೊದಲು ಹಲ್ಲುಜ್ಜುವಾಗ ಹಲ್ಲಿನ ಲೆಕ್ಕ, ಹಾಲು ಉಕ್ಕಿದಾಗ ಆವಿಯ ಪಾಠ ಮುಗಿದಿದ್ದವು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಗಳನ್ನು ಎಲ್ಲರೂ ಕರೆಯುವುದು ಗುಂಡಿ ಎಂದು. ಹುಟ್ಟಿದಾಗ ಅವಳ ಕಣ್ಣು ಕೋಟಿನ ಗುಂಡಿಯ ಹಾಗೆ ದುಂಡಗಿದ್ದವಂತೆ. ಶಾಲೆಗೆ ಹೋಗುತ್ತಿದ್ದಷ್ಟು ಕಾಲವೂ ಗುಂಡಿಗೆ ಬೆಳಗಾದರೆ ಹೊಟ್ಟೆನೋವು. ಡಾಕ್ಟರು ಒತ್ತಿ ನೋಡಿ ಏನೂ ಇಲ್ಲವೆಂದರು. ಬರಬರುತ್ತಾ ಮನೆಯಲ್ಲೂ ಅವಳ ಮಾತು ನಿಂತುಹೋಯಿತು. ಏನು ಕೇಳಿದರೂ ತಲೆಯಾಡಿಸುವುದಷ್ಟೇ. ಆಗ ಅಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಶಾಲೆ ಬಿಡಿಸಿದಳು. ಇನ್ನು ಮನೆಯೇ ಶಾಲೆ, ದಿನಕ್ಕೊಂದು ಸಾಹಸ ಎಂದಳು.

ಮೊದಮೊದಲು ಅದು ಸಾಹಸವೇ ಆಗಿತ್ತು. ಸಿಕ್ಕಿದ ಬಸ್ಸು ಹತ್ತಿ ಕೊನೆಯ ನಿಲ್ದಾಣದಲ್ಲಿಳಿದು, ದಾರಿ ಕೇಳಿಕೊಂಡು ನಡೆದೇ ಮನೆ ಸೇರಿದ್ದರು. ಹಳೆಯ ಸೈಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸಿ, ಕೊನೆಗೆ ಕೈಯಲ್ಲಿ ಒಂದಷ್ಟು ನಟ್ಟು ಉಳಿದದ್ದಕ್ಕೆ ಬಿದ್ದು ಬಿದ್ದು ನಕ್ಕಿದ್ದರು. ಹೊಟ್ಟೆನೋವು ಹೇಳದೆ ಕೇಳದೆ ಓಡಿಹೋಯಿತು. ಗುಂಡಿ ಮಲಗುವ ತನಕ ಮಾತಾಡಿ ಅಪ್ಪನ ತಲೆ ತಿಂದಳು.

ಆದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ಅಳತೆ ಕೊಡಲು ಬಂದವರೆಲ್ಲ ಕೈ ಅಗಲಿಸಿ ನಿಂತುಕೊಂಡೇ, ಮಗು ಈಗ ಏನೇನು ಕಲಿತಿದೆ ಎಂದು ವಿಚಾರಿಸುತ್ತಿದ್ದರು. ಅಮ್ಮನಿಗೆ ಹೆದರಿಕೆ ಹೊಕ್ಕಿತು. ಅಲ್ಲಿಂದಾಚೆಗೆ ಅವಳು ಇರುವೆಯನ್ನೂ, ಅದರಿಂದೊಂದು ಪಾಠ ತೆಗೆಯದೆ, ಸುಮ್ಮನೆ ಹೋಗಲು ಬಿಡಲಿಲ್ಲ. ಹಗಲೆಲ್ಲ ಮಗಳ ಹಿಂದೆ ಸುತ್ತಿ, ಉಳಿದ ಹೊತ್ತಿನಲ್ಲಿ ಮಿಷನ್ ಮುಂದೆ ಕೂತರೆ ಎಡತೋಳನ್ನು ಬಲಕ್ಕೆ ಹೊಲಿದು ಮತ್ತೆ ಬಿಚ್ಚುವುದೇ ಕೆಲಸವಾಯಿತು.

ಅಪ್ಪ ಬಸ್ ಕಂಡಕ್ಟರ್, ತಮಾಷೆಯ ಮನುಷ್ಯ. ಬಕೆಟ್ ಚೆಲ್ಲಿದ ದಿನ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು, "ಆ ಸ್ಕೂಲಲ್ಲಾದ್ರೆ ಸಾಯಂಕಾಲ ಗಂಟೆನಾದ್ರೂ ಹೊಡೀತಿತ್ತು ಕಣೇ. ನಿನ್ನ ಸ್ಕೂಲಲ್ಲಿ ಅದೂ ಇಲ್ಲ" ಎಂದ. ನಗುವುದಕ್ಕೂ ತ್ರಾಣವಿಲ್ಲದೆ ಅಮ್ಮ ಮಿಷನ್ ಮುಂದೆ ಕೂತಳು.

ಒಂದು ತೋಳು ಹೊಲಿದು ಮುಗಿಸಿ ತಲೆಯೆತ್ತಿದಾಗ ಗುಂಡಿ ಮನೆಯಲ್ಲಿರಲಿಲ್ಲ. ಮಹಡಿಯ ಮೇಲಿಲ್ಲ, ಪಕ್ಕದ ಅಂಗಡಿಯಲ್ಲೂ ಇಲ್ಲ. ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬೀದಿಯ ತಿರುವಿಗೆ ಬಂದಾಗ ಮಗಳ ದನಿ ಕೇಳಿತು. ನೀರಿನ ಕೊಳವೆಯ ವಾಲ್ವ್ ಇರುವ ಸಿಮೆಂಟು ತೊಟ್ಟಿಯ ಪಕ್ಕ ಬೋರಲು ಮಲಗಿ, ಒಳಗೆ ಇಣುಕುತ್ತಾ ಒಂದೇ ಸಮನೆ ಮಾತಾಡುತ್ತಿದ್ದಳು. ಅಮ್ಮನ ನೆರಳು ಬಿದ್ದದ್ದೇ ತಡ, ಮಾತು ನಿಲ್ಲಿಸಿ ತೊಟ್ಟಿಯ ಬಾಯಿಗೆ ರಟ್ಟು ಮುಚ್ಚಿದಳು.

"ಯಾರ ಹತ್ರ ಮಾತಾಡ್ತಿದ್ದೆ? ನಂಗೂ ಹೇಳೇ."

ಗುಂಡಿ ತಲೆಯಾಡಿಸಿದಳು. ಶಾಲೆಯ ದಿನಗಳ ಅದೇ ತಲೆಯಾಟ.

"ನಿಂಗೆ ಹೇಳಿದ್ರೆ ಇದೂ ಪಾಠ ಆಗ್ಬಿಡುತ್ತೆ" ಎಂದಳು ಗುಂಡಿ, ಮೆಲ್ಲಗೆ.

ಅಮ್ಮ ರಸ್ತೆಯಂಚಿನಲ್ಲೇ ಕುಸಿದು ಕೂತಳು. ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ದಣಿವಾಯಿತು. ಇಷ್ಟು ದಿನ ಹೊತ್ತು ತಿರುಗಿದ ಪ್ರಶ್ನೆಗಳ ಭಾರವೆಲ್ಲ ಒಟ್ಟಿಗೇ ಸೊಂಟಕ್ಕೆ ಇಳಿದ ಹಾಗಿತ್ತು. ಹಾಗೇ ಗೋಡೆಗೊರಗಿ ಕಣ್ಣು ಮುಚ್ಚಿದಳು.

ಎಷ್ಟೋ ಹೊತ್ತಿನ ಮೇಲೆ ಯಾರೋ ತೋಳು ಜಗ್ಗಿದರು. "ಏನೂ ಕೇಳ್ಬಾರ್ದು" ಎಂದಳು ಗುಂಡಿ. ಅಮ್ಮ ಆಗಲಿ ಎಂದು ಅವಳ ಪಕ್ಕ ಬೋರಲು ಮಲಗಿದಳು. ರಟ್ಟು ಸರಿಯಿತು. ಒಳಗೆ, ಜಿನುಗುವ ಕೊಳವೆಯ ಮೇಲೆ, ಹೆಬ್ಬೆರಳಿನಷ್ಟು ಕಪ್ಪೆ. ಅದರ ಗಂಟಲು ಸುಮ್ಮನೆ ಬಡಿದುಕೊಳ್ಳುತ್ತಿತ್ತು. ಅದು ಯಾಕೆ ಹಾಗೆ ಬಡಿದುಕೊಳ್ಳುತ್ತೆ ಹೇಳು ನೋಡೋಣ ಎಂಬ ಮಾತು ಅಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

ಬಟ್ಟೆ ಹೊಲಿಯಲು ಕೊಟ್ಟಿದ್ದ ಹೆಂಗಸೊಬ್ಬಳು ಅದೇ ದಾರಿಯಲ್ಲಿ ಬಂದಳು. ಬೀದಿಯಲ್ಲಿ ಬೋರಲು ಮಲಗಿದ್ದ ತಾಯಿ ಮಗಳನ್ನು ನೋಡಿ, ಇವತ್ತೇನು ಪಾಠ ನಡೀತಿದೆ ಎಂದು ಕೇಳಿದಳು.

"ಏನೂ ಇಲ್ಲ" ಎಂದಳು ಅಮ್ಮ, ತಲೆಯೆತ್ತದೆ.

ಇನ್ನೇನು ಪ್ರಶ್ನೆ ಬರುತ್ತದೋ ಎಂದು ಗುಂಡಿ ಅಮ್ಮನ ಬಾಯನ್ನೇ ಒಂದಿಷ್ಟು ಹೊತ್ತು ನೋಡುತ್ತಿದ್ದಳು. ಆಮೇಲೆ ಕಪ್ಪೆಯ ಕಡೆ ತಿರುಗಿ, ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದಳು, ಅಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ.